ದೊರೆಯ ಮನೆಯೊಳಗೆ ನಗೆ ಹುಡುಕುವವರಿಗೆ

ಹಾಸ್ಯ ಬರೆಯಲು ಹೊರಟಿರುವ ಮಕ್ಕಳೇ,

ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಿರುನಾಟಕ ಬರೆಯುತ್ತೀರಿ. ಮಂತ್ರಿಗಳ ದನಿ ಅನುಕರಿಸಿ ಫೋನಿನಲ್ಲೇ ವಿಡಿಯೊ ಮಾಡಿ ಊರಿಗೆಲ್ಲ ಹಂಚುತ್ತೀರಿ. ಆಳುವವರನ್ನು ನೋಡಿ ನಗುವ ಎದೆಗಾರಿಕೆ ನಿಮಗಿದೆ ಎಂಬುದು ನನಗೆ ನಿಜವಾದ ಸಂತೋಷ. ಆ ಎದೆಗಾರಿಕೆ ಪೋಲಾಗಬಾರದು ಎಂಬ ಕಾಳಜಿಯಿಂದ ಒಂದು ಮಾತು ಹೇಳುತ್ತೇನೆ. ಅಧಿಕಾರದಲ್ಲಿರುವವರ ಮನೆಯೊಳಗೆ ನಿಮ್ಮ ನಾಟಕವನ್ನು ಕರೆದೊಯ್ಯುವಾಗ, ಅವರು ಕಚೇರಿಯಲ್ಲಿ ಕೂತು ಹಾಕಿದ ಸಹಿಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಸಹಿಗಳನ್ನು ಹೊಸ್ತಿಲಾಚೆಗೇ ಬಿಟ್ಟು ಹೋದರೆ, ನೀವು ಎಷ್ಟೇ ಜೋರಾಗಿ ಗೇಲಿ ಮಾಡಿದರೂ ಅದರ ಲಾಭ ಅವರಿಗೇ ಹೋಗುತ್ತದೆ.

ಈ ಮಾತಿಗೆ ಆಧಾರವಾಗಿ ಅಮೆರಿಕದ ಒಂದು ಧಾರಾವಾಹಿಯ ಕಥೆ ಹೇಳುತ್ತೇನೆ. ಅದು ಬದುಕಿದ್ದು ಎಂಟೇ ಕಂತು. ಹೆಸರು 'ದಟ್ಸ್ ಮೈ ಬುಷ್'. ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಮನೆವಾರ್ತೆಯನ್ನೇ ಹಾಸ್ಯಕ್ಕೆ ವಸ್ತು ಮಾಡಿಕೊಂಡ ಸನ್ನಿವೇಶ ಹಾಸ್ಯದ ಧಾರಾವಾಹಿ, ಅಂದರೆ ಸಿಟ್‌ಕಾಮ್ ಅದು. 'ಸೌತ್ ಪಾರ್ಕ್' ಎಂಬ ಕಾರ್ಟೂನ್ ಧಾರಾವಾಹಿಯಿಂದ ಹೆಸರು ಮಾಡಿದ್ದ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಅದನ್ನು ಕಟ್ಟಿದವರು. ಕಾಮಿಡಿ ಸೆಂಟ್ರಲ್ ಚಾನೆಲ್ಲಿನಲ್ಲಿ 2001ರ ಏಪ್ರಿಲ್ 4ರಂದು ಮೊದಲ ಕಂತು ಬಂತು, ಮೇ 23ರಂದು ಕೊನೆಯದು. ಬುಷ್ ಪ್ರಮಾಣವಚನ ತೆಗೆದುಕೊಂಡದ್ದು ಜನವರಿ 20ರಂದು. ಅಂದರೆ ಅವರು ಕುರ್ಚಿಯಲ್ಲಿ ಕೂತು ಎರಡೂವರೆ ತಿಂಗಳಾಗುವಷ್ಟರಲ್ಲಿ ಅವರ ಅಣಕು ಮನೆ ಟಿವಿಯಲ್ಲಿ ಸಿದ್ಧವಾಗಿತ್ತು. ಹಾಲಿ ಅಧ್ಯಕ್ಷನೊಬ್ಬನನ್ನು ಹೆಸರು ಹಿಡಿದು ಕರೆದು, ಅವನ ಹೆಂಡತಿಯನ್ನೂ ಸಲಹೆಗಾರನನ್ನೂ ಪಾತ್ರಗಳನ್ನಾಗಿ ಮಾಡಿ, ವಾರವಾರವೂ ನಗಿಸುವುದು ಸಣ್ಣ ಧೈರ್ಯವಲ್ಲ. ಹಾಗೆ ಮಾಡಿದವರನ್ನು ಯಾರೂ ಬಂಧಿಸಲಿಲ್ಲ, ಚಾನೆಲ್ಲಿನ ಬಾಗಿಲು ಮುಚ್ಚಿಸಲಿಲ್ಲ. ಆ ಸ್ವಾತಂತ್ರ್ಯದ ಬೆಲೆಯನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಕೇಳಿ.

ಈ ಧಾರಾವಾಹಿಯ ಯೋಜನೆ ಶುರುವಾದಾಗ ಬುಷ್ ಗೆದ್ದಿರಲೇ ಇಲ್ಲ. ಅವರ ಎದುರಾಳಿ ಅಲ್ ಗೋರ್ ಗೆಲ್ಲುತ್ತಾರೆಂದು ಎಣಿಸಿ, ಆಗ ಜನಪ್ರಿಯವಾಗಿದ್ದ 'ಎವ್ರಿಬಡಿ ಲವ್ಸ್ ರೇಮಂಡ್' ಧಾರಾವಾಹಿಯ ಧಾಟಿಯಲ್ಲಿ 'ಎವ್ರಿಬಡಿ ಲವ್ಸ್ ಅಲ್' ಎಂಬ ಹೆಸರನ್ನು ಯೋಚಿಸಿದ್ದರು. 2000ದ ನವೆಂಬರ್ 7ರಂದು ಮತದಾನ ಮುಗಿದರೂ ಫಲಿತಾಂಶ ಬರಲಿಲ್ಲ. ಫ್ಲಾರಿಡಾ ರಾಜ್ಯದ ಮತ ಎಣಿಕೆ, ಮರುಎಣಿಕೆ, ಕೋರ್ಟು ಎಂದು ಐದು ವಾರ ಎಳೆಯಿತು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆಯನ್ನು ನಿಲ್ಲಿಸಿತು. ಫ್ಲಾರಿಡಾದಲ್ಲಿ 537 ಮತಗಳ ಅಂತರದಿಂದ ಬುಷ್ ಅಧ್ಯಕ್ಷರಾದರು. ಧಾರಾವಾಹಿಯ ಮನೆಗೂ ಹೊಸ ಯಜಮಾನ ಬಂದ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗೋರ್ ಆದರೂ ನಡೆಯುತ್ತದೆ, ಬುಷ್ ಆದರೂ ನಡೆಯುತ್ತದೆ ಎಂದರೆ ಏನರ್ಥ? ಮನೆ ಮೊದಲೇ ಕಟ್ಟಿಯಾಗಿತ್ತು, ಒಳಗೆ ಯಾರು ವಾಸಿಸುತ್ತಾರೆ ಎಂಬುದು ಆಮೇಲಿನ ಮಾತಾಗಿತ್ತು. ತಮ್ಮ ಗುರಿ ಬುಷ್ ಅಲ್ಲ, ಸಿಟ್‌ಕಾಮ್ ಎಂಬ ಪ್ರಕಾರವೇ ಎಂದು ಪಾರ್ಕರ್ ಮತ್ತು ಸ್ಟೋನ್ ಆಗಲೇ ಹೇಳಿದ್ದರು. ಅದನ್ನು ಪ್ರಾಮಾಣಿಕವಾಗಿಯೇ ಮಾಡಿದರು ಕೂಡ. ಅಮೆರಿಕದ ಹಳೆಯ ಸಿಟ್‌ಕಾಮ್‌ಗಳ ಸವಕಲು ಪಾತ್ರಗಳೆಲ್ಲ ಅಲ್ಲಿ ಸಾಲಾಗಿ ಬರುತ್ತವೆ. ಒಳ್ಳೆಯ ಮನಸ್ಸಿನ, ಬುದ್ಧಿ ಕಡಿಮೆಯ ಗಂಡ. ಅವನನ್ನು ಸಹಿಸಿಕೊಳ್ಳುವ ಹೆಂಡತಿ. ಕೇಳದೆ ಒಳಗೆ ನುಗ್ಗುವ ಪಕ್ಕದ ಮನೆಯವನು. ಯಜಮಾನನಿಗೇ ಎದುರು ಮಾತಾಡುವ ಕೆಲಸದಾಕೆ. ಅಂದಚೆಂದವೇ ಬಂಡವಾಳವಾದ ಸೆಕ್ರೆಟರಿ. ಬುಷ್ ಪಾತ್ರವನ್ನು ಟಿಮೊತಿ ಬಾಟಮ್ಸ್ ಮಾಡಿದರು. ಅವರ ಮುಖದ ಹೋಲಿಕೆ ಬೆರಗು ಹುಟ್ಟಿಸುವಂಥದ್ದು. ಲಾರಾ ಬುಷ್ ಆಗಿ ಕ್ಯಾರಿ ಕ್ವಿನ್ ಡೋಲಿನ್, ಸಲಹೆಗಾರ ಕಾರ್ಲ್ ರೋವ್ ಆಗಿ ಕರ್ಟ್ ಫುಲ್ಲರ್, ಕೆಲಸದಾಕೆಯಾಗಿ ಮಾರ್ಷಾ ವಾಲೇಸ್ ಇದ್ದರು.

ಮೊದಲ ಕಂತಿನ ಕಥೆ ಕೇಳಿ. ಗರ್ಭಪಾತದ ಹಕ್ಕು ಬೇಕೆನ್ನುವವರನ್ನೂ ಬೇಡವೆನ್ನುವವರನ್ನೂ ಅಧ್ಯಕ್ಷರು ಒಟ್ಟಿಗೆ ಊಟಕ್ಕೆ ಕರೆದು ರಾಜಿ ಮಾಡಿಸಬೇಕು. ಅದೇ ರಾತ್ರಿ ಹೆಂಡತಿಯ ಜೊತೆ ಇಬ್ಬರೇ ಕೂತು ಊಟ ಮಾಡುವುದಾಗಿಯೂ ಮಾತು ಕೊಟ್ಟುಬಿಟ್ಟಿದ್ದಾರೆ. ಈ ಕೋಣೆಯಿಂದ ಆ ಕೋಣೆಗೆ ಓಡುವುದು, ಇಬ್ಬರಿಗೂ ಸುಳ್ಳು ಹೇಳುವುದು, ಕೊನೆಗೆ ಸಿಕ್ಕಿಬೀಳುವುದು. ಒಂದೇ ಹೊತ್ತಿಗೆ ಎರಡು ಕಡೆ ಇರಲು ಹೋಗಿ ಒದ್ದಾಡುವ ಗಂಡನ ಈ ಕಥೆಯನ್ನು ಸಿಟ್‌ಕಾಮ್ ನೋಡಿದವರೆಲ್ಲ ಯಾವುದಾದರೊಂದು ರೂಪದಲ್ಲಿ ನೋಡಿಯೇ ಇರುತ್ತಾರೆ. ಮುಂದಿನ ಕಂತುಗಳಲ್ಲಿ ಮರಣದಂಡನೆ, ಬಂದೂಕು ನಿಯಂತ್ರಣ, ಮಾದಕವಸ್ತುಗಳ ವಿರುದ್ಧದ ಸಮರ, ಹೀಗೆ ದೇಶ ಕಾದಾಡುತ್ತಿದ್ದ ವಿಷಯಗಳೇ ಒಂದೊಂದಾಗಿ ಮನೆಯೊಳಗಿನ ಎಡವಟ್ಟುಗಳಾಗಿ ಬಂದವು.

ಕಸುಬಿನ ದೃಷ್ಟಿಯಿಂದ ನೋಡಿದರೆ ಇದು ಜಾಣತನ. ಆದರೆ ಸಿಟ್‌ಕಾಮ್ ಎಂಬ ಪ್ರಕಾರ ತನ್ನೊಳಗೆ ಬಂದವರಿಗೆ ಏನು ಮಾಡುತ್ತದೆ ಎಂಬುದನ್ನು ನೀವು ಗಮನಿಸಬೇಕು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷದ ಕಥೆ. ಮೊದಲ ಕೆಲವು ನಿಮಿಷಗಳಲ್ಲಿ ಮನೆಯಲ್ಲಿ ಒಂದು ತಾಪತ್ರಯ ಏಳುತ್ತದೆ. ತಪ್ಪು ತಿಳಿವಳಿಕೆಯಿಂದ ಅದು ಬೆಳೆಯುತ್ತದೆ. ಕೊನೆಗೆ ಗಂಡ ಕ್ಷಮೆ ಕೇಳುತ್ತಾನೆ, ಹೆಂಡತಿ ಅಪ್ಪಿಕೊಳ್ಳುತ್ತಾಳೆ. ಮುಂದಿನ ವಾರ ಎಲ್ಲ ಮೊದಲಿನಂತೆ. ಹಿಂದಿನ ವಾರದ ತಪ್ಪಿನ ಗುರುತು ಯಾರ ಮೈಮೇಲೂ ಉಳಿದಿರುವುದಿಲ್ಲ. ಸಿಟ್‌ಕಾಮಿಗೆ ನೆನಪಿಲ್ಲ. ಅದಕ್ಕೇ ದಿನವಿಡೀ ದುಡಿದು ದಣಿದವರಿಗೆ ಅದು ಹಿತ. ಅಧ್ಯಕ್ಷನ ಸಹಿ ಹಾಗಲ್ಲ. ಅದರ ಫಲ ಮುಂದಿನ ವಾರಕ್ಕೂ ಉಳಿಯುತ್ತದೆ, ಮುಂದಿನ ತಲೆಮಾರಿಗೂ ಉಳಿಯುತ್ತದೆ. ಫಲವೇ ಇಲ್ಲದ ಲೋಕದೊಳಗೆ ಅಂಥವನನ್ನು ಕೂರಿಸಿದರೆ, ಅವನ ಹುದ್ದೆಯ ಭಾರವನ್ನೆಲ್ಲ ನೀವೇ ಇಳಿಸಿಕೊಟ್ಟಂತಾಗುತ್ತದೆ. ಉಳಿಯುವವನು ಎಡವುವ, ಪೇಚಾಡುವ, ಹೆಂಡತಿಗೆ ಹೆದರುವ ಒಬ್ಬ ಪಾಪದ ಗಂಡ. ಅಂಥವನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ?

ಈಗ ಮರಣದಂಡನೆಯ ಕಂತನ್ನು ತೆಗೆದುಕೊಳ್ಳಿ. ಬುಷ್ ಟೆಕ್ಸಸ್ ರಾಜ್ಯದ ಗವರ್ನರ್ ಆಗಿದ್ದ ಆರು ವರ್ಷಗಳಲ್ಲಿ ಅಲ್ಲಿ 152 ಜನರಿಗೆ ಮರಣದಂಡನೆ ಜಾರಿಯಾಗಿತ್ತು. ಒಂದೊಂದಕ್ಕೂ ಒಂದು ಕಡತ, ಒಂದು ಮನವಿ, ಗವರ್ನರ್ ಮೇಜಿನ ಮೇಲೆ ಒಂದು ಕೊನೆಯ ಗಳಿಗೆ. ಧಾರಾವಾಹಿ ಆ ವಿಷಯವನ್ನು ಮುಟ್ಟಿತು, ನಿಜ. ಆದರೆ ಕಾಲೇಜು ದಿನಗಳ ಗೆಳೆಯರು ಮನೆಗೆ ಬಂದು ಮಾಡುವ ಗದ್ದಲದ ಕಥೆಯೊಳಗೆ ಸೇರಿಸಿ ಮುಟ್ಟಿತು. ನೋಡಿದವನಿಗೆ ಕೊನೆಯಲ್ಲಿ ನೆನಪಿರುವುದು ಗದ್ದಲ. 152 ಎಂಬ ಅಂಕಿಯನ್ನು ಬಾಗಿಲಾಚೆಗೇ ನಿಲ್ಲಿಸಿದ್ದರು.

ಧಾರಾವಾಹಿ ನಡೆದ ಎಂಟು ವಾರಗಳ ಆಸುಪಾಸಿನಲ್ಲಿ ನಿಜವಾದ ಶ್ವೇತಭವನದಲ್ಲಿ ಏನಾಗುತ್ತಿತ್ತು ಎಂಬುದನ್ನೂ ಹೇಳುತ್ತೇನೆ. ಏಪ್ರಿಲ್ 1ರಂದು ಹೈನಾನ್ ದ್ವೀಪದ ಬಳಿ ಅಮೆರಿಕದ ಬೇಹುಗಾರಿಕಾ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ಪೈಲಟ್ ಸತ್ತ. ಅಮೆರಿಕದ 24 ಸಿಬ್ಬಂದಿ ಹನ್ನೊಂದು ದಿನ ಚೀನಾದ ವಶದಲ್ಲಿದ್ದರು. ಮೊದಲ ಕಂತು ಪ್ರಸಾರವಾದ ರಾತ್ರಿ ಅವರು ಇನ್ನೂ ಅಲ್ಲೇ ಇದ್ದರು. ಅದಕ್ಕೆ ಕೆಲವೇ ದಿನ ಮುಂಚೆ, ಭೂಮಿಯ ಬಿಸಿ ತಗ್ಗಿಸುವ ಕ್ಯೋಟೊ ಒಪ್ಪಂದವನ್ನು ಅಮೆರಿಕ ಜಾರಿಗೊಳಿಸುವುದಿಲ್ಲ ಎಂದು ಬುಷ್ ಸರ್ಕಾರ ತಿಳಿಸಿತ್ತು. ಮೇ ತಿಂಗಳಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ನೇತೃತ್ವದ ತಂಡ ಇಂಧನ ನೀತಿಯ ವರದಿ ಕೊಟ್ಟಿತು. ಒಂದು ಲಕ್ಷ ಕೋಟಿ ಡಾಲರ್‌ಗೂ ಮೀರಿದ ತೆರಿಗೆ ಕಡಿತದ ಮಸೂದೆ ಸಂಸತ್ತಿನಲ್ಲಿ ಸಾಗುತ್ತಿತ್ತು. ಜೂನ್ 7ರಂದು ಅದಕ್ಕೆ ಸಹಿಯೂ ಬಿತ್ತು. ಕೊನೆಯ ಕಂತು ಬಂದ ಮರುದಿನವೇ, ಮೇ 24ರಂದು, ವರ್ಮಾಂಟ್ ರಾಜ್ಯದ ಸೆನೆಟರ್ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ಬಿಡುವುದಾಗಿ ಘೋಷಿಸಿದರು. 50ಕ್ಕೆ 50 ಎಂದು ಸಮವಾಗಿ ನಿಂತಿದ್ದ ಸೆನೆಟ್ ಆಳುವ ಪಕ್ಷದ ಕೈತಪ್ಪಿತು.

ಎಂಥ ನಾಟಕಗಳಿವು, ನೋಡಿ! ಒಬ್ಬ ಸೆನೆಟರನ ಮನಸ್ಸು ಕೆಟ್ಟದ್ದಕ್ಕೆ ಇಡೀ ಸದನ ಕೈಬಿಟ್ಟು ಹೋದ ಕಥೆಗಿಂತ ಒಳ್ಳೆಯ ಪ್ರಹಸನದ ವಸ್ತು ಬೇಕೆ? ನಗಿಸಲು ಬೇಕಾದ ಸಾಮಗ್ರಿಯೆಲ್ಲ ದಿನಪತ್ರಿಕೆಯ ಮೊದಲ ಪುಟದಲ್ಲೇ ಇತ್ತು. ಬರೆಯುವ ಮುಂಚೆ ಆ ಪುಟವನ್ನು ಓದಿ ಎಂಬುದು ನನ್ನ ಮೊದಲ ಕಿವಿಮಾತು. ನಿಮ್ಮ ಗುರಿಯಲ್ಲಿರುವ ನಾಯಕರು ಈ ತಿಂಗಳು ಯಾವ ಆದೇಶ ಹೊರಡಿಸಿದರು, ಬಜೆಟ್ಟಿನಲ್ಲಿ ಯಾವುದಕ್ಕೆ ಹಣ ಕೊಟ್ಟರು, ಯಾವುದಕ್ಕೆ ಕತ್ತರಿ ಹಾಕಿದರು, ಅದರಿಂದ ಯಾರ ಮನೆಯಲ್ಲಿ ಏನಾಯಿತು? ಇಷ್ಟನ್ನು ತಿಳಿದುಕೊಂಡ ಮೇಲೆ ಅವರ ನಡಿಗೆ, ತೊದಲು, ಉಡುಪು, ಹಲ್ಲು ನಿಮಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ.

ಎರಡನೆಯ ಮಾತು, ಮನೆಯಲ್ಲಿರುವ ಉಳಿದವರ ಬಗ್ಗೆ. ಈ ಧಾರಾವಾಹಿಯ ಬುಷ್ ತನ್ನ ಹೆಂಡತಿಗೆ, ಒಂದಲ್ಲ ಒಂದು ದಿನ ಮುಖಕ್ಕೆ ಗುದ್ದುತ್ತೇನೆ ಎಂದು ಹೇಳುವ ಮಾತು ಪಲ್ಲವಿಯಂತೆ ಬರುತ್ತದೆ. ಕೂಡಲೇ ನಗೆಯ ಅಲೆ ಕೇಳಿಸುತ್ತದೆ. ಇದು 1950ರ ದಶಕದ 'ದ ಹನಿಮೂನರ್ಸ್' ಧಾರಾವಾಹಿಯಲ್ಲಿ ಗಂಡ ಹೆಂಡತಿಗೆ ಹಾಕುತ್ತಿದ್ದ ಬೆದರಿಕೆಯ ಅಣಕ. ಹಳೆಯ ಸಿಟ್‌ಕಾಮ್‌ಗಳು ಎಂಥ ಮಾತಿಗೆ ನಮ್ಮನ್ನು ನಗಿಸುತ್ತಿದ್ದವು ನೋಡಿ ಎಂದು ತೋರಿಸುವುದು ಉದ್ದೇಶ. ಆ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಅಣಕವಾಗಿ ಹೇಳಿದರೂ ಆ ಮಾತು ಇನ್ನೊಮ್ಮೆ ಹೇಳಿದಂತೆಯೇ. ಮನೆಯಲ್ಲಿ ನಿಜವಾಗಿ ಏಟು ತಿನ್ನುವ ಹೆಣ್ಣುಮಗಳೊಬ್ಬಳು ಅದನ್ನು ನೋಡುತ್ತಿರುತ್ತಾಳೆ. ಇದು ಅಣಕದ ಅಣಕ ಎಂದು ಅವಳಿಗೆ ವಿವರಿಸಲು ನೀವು ಅಲ್ಲಿರುವುದಿಲ್ಲ. ಅವಳನ್ನು ನೆನೆದು ಬರೆಯಿರಿ.

ಇನ್ನು ನಿಜವಾದ ಲಾರಾ ಬುಷ್ ಯಾರು? ಶಾಲೆಯಲ್ಲಿ ಪಾಠ ಹೇಳಿದವರು, ಗ್ರಂಥಪಾಲಕಿಯಾಗಿದ್ದವರು. ಟೆಕ್ಸಸ್‌ನಲ್ಲಿ ಪುಸ್ತಕೋತ್ಸವ ಕಟ್ಟಲು ನೆರವಾದವರು. 2001ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ರಾಷ್ಟ್ರೀಯ ಪುಸ್ತಕೋತ್ಸವ ನಡೆದದ್ದು ಲೈಬ್ರರಿ ಆಫ್ ಕಾಂಗ್ರೆಸ್ ಜೊತೆಗೂಡಿ ಅವರು ಕೈಹಾಕಿದ್ದರಿಂದ. ಗಂಡನ ರಾಜಕೀಯ ನಿಮಗೆ ಹಿಡಿಸದಿರಬಹುದು. ಆದರೆ ಇಂಥ ಹೆಣ್ಣನ್ನು ಗಂಡನ ಬರವಿಗೆ ಕಾದು ಮುನಿಸಿಕೊಳ್ಳುವ ಹೆಂಡತಿಯಾಗಿ ಮಾತ್ರ ತೋರಿಸಿದಾಗ, ಕಳೆದುಹೋದದ್ದು ಒಂದು ಒಳ್ಳೆಯ ಪಾತ್ರ. ಪುಸ್ತಕ ಪ್ರೀತಿಸುವ ಹೆಂಡತಿ, ಮಾತು ತಡವರಿಸುವ ಗಂಡ, ನಡುವೆ ದೇಶದ ಶಾಲೆಗಳ ಪ್ರಶ್ನೆ. ಇಲ್ಲಿ ಮನೆಯೂ ಇದೆ, ರಾಜಕೀಯವೂ ಇದೆ, ನಗೆಯೂ ಇದೆ. ಸಿದ್ಧ ಅಚ್ಚಿಗೆ ಮನುಷ್ಯರನ್ನು ಸುರಿದರೆ ಇಂಥವೆಲ್ಲ ಸೋರಿಹೋಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ಆ ಧಾರಾವಾಹಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬುಷ್ ದಂಪತಿಯ ಅವಳಿ ಹೆಣ್ಣುಮಕ್ಕಳನ್ನು ಅದರಲ್ಲಿ ಪಾತ್ರಗಳಾಗಿ ತರಲಿಲ್ಲ. ಆಗ ಅವರಿಗೆ ಹತ್ತೊಂಬತ್ತು ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಅವರು ಯಾವ ಚುನಾವಣೆಗೂ ನಿಂತವರಲ್ಲ, ಯಾವ ಆದೇಶಕ್ಕೂ ಸಹಿ ಹಾಕಿದವರಲ್ಲ. ನೀವೂ ಈ ಗೆರೆಯನ್ನು ಉಳಿಸಿಕೊಳ್ಳಿ. ನಾಯಕರ ಮಕ್ಕಳು ಅಧಿಕಾರಕ್ಕೆ ಕೈಹಾಕಿದರೆ, ಗುತ್ತಿಗೆ ಪಡೆದರೆ, ಕುರ್ಚಿಗೆ ಬಂದರೆ ಆಗ ಅವರೂ ನಿಮ್ಮ ಅಂಕಕ್ಕೆ ಬರಲಿ. ಅಲ್ಲಿಯವರೆಗೆ ಓದುವ ಮಕ್ಕಳನ್ನು ಅವರ ಪಾಡಿಗೆ ಬಿಡಿ.

ಅಧ್ಯಕ್ಷರ ಮನೆವಾರ್ತೆಯ ಮೇಲೆ ನಗೆ ಕಟ್ಟಿದವರಲ್ಲಿ ಪಾರ್ಕರ್ ಮತ್ತು ಸ್ಟೋನ್ ಮೊದಲಿಗರಲ್ಲ. ವಾನ್ ಮೀಡರ್ ಎಂಬ ಮಿಮಿಕ್ರಿ ಕಲಾವಿದ ಜಾನ್ ಕೆನಡಿಯ ದನಿ ಅನುಕರಿಸಿ 'ದ ಫಸ್ಟ್ ಫ್ಯಾಮಿಲಿ' ಎಂಬ ಎಲ್‌ಪಿ ರೆಕಾರ್ಡ್ ಮಾಡಿದ. 1962ರ ನವೆಂಬರ್‌ನಲ್ಲಿ ಅದು ಮಾರುಕಟ್ಟೆಗೆ ಬಂದು ಲಕ್ಷಗಟ್ಟಲೆ ಮಾರಾಟವಾಯಿತು, ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಗೆದ್ದಿತು. ಕೆನಡಿಯ ಉಚ್ಚಾರ, ದೊಡ್ಡ ಕುಟುಂಬ, ಮಕ್ಕಳ ಸ್ನಾನದ ಆಟಿಕೆ, ಇವೇ ಅದರ ವಸ್ತು. ಪತ್ರಿಕಾಗೋಷ್ಠಿಯಲ್ಲಿ ಕೇಳಿದಾಗ, ಆ ದನಿ ತನ್ನದಕ್ಕಿಂತ ತಮ್ಮ ಟೆಡ್ಡಿಯದಕ್ಕೇ ಹೆಚ್ಚು ಹತ್ತಿರವಾಗಿದೆ ಎಂದು ಕೆನಡಿ ನಗಿಸಿದರು. ಅದರ ಧ್ವನಿಮುದ್ರಣ ನಡೆದ ದಿನ ಯಾವುದು ಗೊತ್ತೆ? 1962ರ ಅಕ್ಟೋಬರ್ 22. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು ಕೆನಡಿ ಟಿವಿಯಲ್ಲಿ ದೇಶಕ್ಕೆ ತಿಳಿಸಿದ್ದು ಅದೇ ಸಂಜೆ. ಲೋಕವೇ ಅಣುಯುದ್ಧದ ಅಂಚಿಗೆ ಬಂದು ನಿಂತಿತ್ತು. ಸ್ಟುಡಿಯೊದಲ್ಲಿ ಕೂತ ಜನಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅವರು ಸ್ನಾನದ ಆಟಿಕೆಗೆ ನಗುತ್ತಿದ್ದರು.

ಒಂದು ವರ್ಷ ಕಳೆಯಿತು. 1963ರ ನವೆಂಬರ್ 22ರಂದು ಕೆನಡಿಯ ಹತ್ಯೆಯಾಯಿತು. ರೆಕಾರ್ಡನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಂಡರು. ಮೀಡರನ ವೃತ್ತಿಜೀವನ ಮತ್ತೆ ಮೇಲೇಳಲೇ ಇಲ್ಲ. ಒಬ್ಬ ಮನುಷ್ಯನ ದನಿಯನ್ನೇ ನಂಬಿ ಬದುಕಿದ ಕಲೆ ಆ ದನಿ ನಿಂತ ದಿನ ತಾನೂ ನಿಂತಿತು. ಒಬ್ಬ ನಾಯಕರ ಮಿಮಿಕ್ರಿಯಿಂದಲೇ ಹೆಸರು ಮಾಡುತ್ತಿರುವ ಮಕ್ಕಳು ನಿಮ್ಮಲ್ಲಿದ್ದರೆ, ಮೀಡರನ ಬದುಕನ್ನು ನೆನಪಿನಲ್ಲಿಟ್ಟುಕೊಳ್ಳಿ. ದನಿ ಕಲಿತಿದ್ದೀರಿ, ಸರಿ. ಅದರ ಜೊತೆಗೆ ನಿಮ್ಮದೇ ಒಂದು ನೋಟವನ್ನೂ ಬೆಳೆಸಿಕೊಳ್ಳಿ. ನಾಯಕರು ಬದಲಾದರೂ ಆ ನೋಟ ನಿಮ್ಮ ಕೈಯಲ್ಲಿರುತ್ತದೆ.

ಇನ್ನೊಂದು ಉದಾಹರಣೆ ಜೆರಾಲ್ಡ್ ಫೋರ್ಡ್ ಅವರದು. ಅವರು ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಮಿಂಚಿದ ಕ್ರೀಡಾಪಟು. ಅಧ್ಯಕ್ಷರಾಗಿದ್ದಾಗ ವಿಮಾನದ ಮೆಟ್ಟಿಲ ಮೇಲೆ ಒಮ್ಮೆ ಜಾರಿಬಿದ್ದರು. 1975ರಲ್ಲಿ ಶುರುವಾದ 'ಸ್ಯಾಟರ್ಡೆ ನೈಟ್ ಲೈವ್' ಕಾರ್ಯಕ್ರಮದಲ್ಲಿ ಚೆವಿ ಚೇಸ್ ಎಂಬ ನಟ ಅವರ ಪಾತ್ರ ಹಾಕಿ ಮತ್ತೆ ಮತ್ತೆ ಬಿದ್ದ, ಮೇಜು ಉರುಳಿಸಿದ. ಜನ ಬಿದ್ದು ಬಿದ್ದು ನಕ್ಕರು. 1976ರ ಏಪ್ರಿಲ್‌ನಲ್ಲಿ ಫೋರ್ಡರ ಪತ್ರಿಕಾ ಕಾರ್ಯದರ್ಶಿ ರಾನ್ ನೆಸನ್ ಅವರೇ ಆ ಕಾರ್ಯಕ್ರಮಕ್ಕೆ ನಿರೂಪಕರಾಗಿ ಹೋದರು. ಫೋರ್ಡ್ ಕೂಡ ಮೊದಲೇ ಚಿತ್ರೀಕರಿಸಿಕೊಟ್ಟ ತುಣುಕಿನಲ್ಲಿ ಕಾಣಿಸಿಕೊಂಡರು. ಎಡವುವುದಕ್ಕೂ ಆಳುವುದಕ್ಕೂ ಏನು ಸಂಬಂಧ? ಫೋರ್ಡ್ 1974ರ ಸೆಪ್ಟೆಂಬರ್ 8ರಂದು ಹಿಂದಿನ ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೆ ಪೂರ್ಣ ಕ್ಷಮಾದಾನ ಕೊಟ್ಟರು. ವಾಟರ್‌ಗೇಟ್ ಹಗರಣದ ಕೇಂದ್ರದಲ್ಲಿದ್ದ ವ್ಯಕ್ತಿ ಆರೋಪಿಯಾಗಿ ನ್ಯಾಯಾಲಯದ ಮೆಟ್ಟಿಲೇ ಹತ್ತಲಿಲ್ಲ. ಸರಿಯೋ ತಪ್ಪೋ, ದೇಶದ ನೆನಪಿನಲ್ಲಿ ಉಳಿಯಬೇಕಾದ ಸಹಿ ಅದು. ಜನರ ಕಣ್ಣಲ್ಲಿ ಅಚ್ಚಾಗಿ ಉಳಿದದ್ದು ಜಾರಿಬಿದ್ದ ಮೆಟ್ಟಿಲು.

ಬುಷ್ ಧಾರಾವಾಹಿಗೆ ಮತ್ತೆ ಬರೋಣ. ಒಂದು ಕಂತಿಗೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚು ಬೀಳುತ್ತಿತ್ತು ಎಂಬುದು ಆಗಿನ ಲೆಕ್ಕ. ಕೇಬಲ್ ಚಾನೆಲ್ಲಿಗೆ ಅದು ಭಾರ. 2001ರ ಬೇಸಿಗೆ ಮುಗಿಯುವ ಮುಂಚೆಯೇ, ಮುಂದುವರಿಸುವುದಿಲ್ಲ ಎಂದು ಚಾನೆಲ್ ತೀರ್ಮಾನಿಸಿತು. ಅಧಿಕಾರದ ಒತ್ತಡದಿಂದಲ್ಲ, ಲೆಕ್ಕದ ಪುಸ್ತಕದಿಂದ ಅದು ನಿಂತಿತು. ಕೆಲವೇ ವಾರಗಳಲ್ಲಿ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿ ನಡೆಯಿತು. ನ್ಯೂಯಾರ್ಕಿನ ಎರಡು ಗೋಪುರಗಳು ಕುಸಿದವು, ಸುಮಾರು ಮೂರು ಸಾವಿರ ಜನ ಸತ್ತರು. ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರ ಜನಬೆಂಬಲ ಶೇಕಡಾ 90ಕ್ಕೆ ಏರಿತು. ಜನ ತಾವಾಡುವ ಮಾತನ್ನು ನೋಡಿಕೊಂಡು ಆಡಬೇಕು ಎಂದು ಶ್ವೇತಭವನದ ವಕ್ತಾರರೇ ಎಚ್ಚರಿಸಿದ ದಿನಗಳವು. ಧಾರಾವಾಹಿ ಅಲ್ಲಿಯವರೆಗೆ ಬದುಕಿದ್ದರೂ ಆ ತಿಂಗಳನ್ನು ದಾಟುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಇದಾದ ಮೇಲೆ ನಡೆದ ಎರಡು ಸಂಗತಿಗಳನ್ನು ನೀವು ತಪ್ಪದೆ ತಿಳಿದಿರಬೇಕು. ನಾನು ಹೇಳಹೊರಟ ಮಾತಿನ ತಿರುಳೇ ಅವು.

ಮೊದಲನೆಯದು, 2003ರಲ್ಲಿ ಷೋಟೈಮ್ ಚಾನೆಲ್ಲಿನಲ್ಲಿ 'ಡಿಸಿ 9/11' ಎಂಬ ಟಿವಿ ಚಿತ್ರ ಬಂತು. ದಾಳಿಯ ನಂತರದ ದಿನಗಳಲ್ಲಿ ಅಧ್ಯಕ್ಷರು ದೇಶವನ್ನು ದೃಢವಾಗಿ ಮುನ್ನಡೆಸಿದ ಕಥೆ ಅದು. ಅದರಲ್ಲಿ ಬುಷ್ ಪಾತ್ರ ಮಾಡಿದವರು ಅದೇ ಟಿಮೊತಿ ಬಾಟಮ್ಸ್. ಎರಡು ವರ್ಷದ ಹಿಂದೆ ಪೇಚಾಡುವ ಗಂಡನಾಗಿದ್ದ ಅದೇ ಮುಖ ಈಗ ವೀರನ ಮುಖವಾಯಿತು. ನಟನನ್ನು ನಾನು ದೂರುವುದಿಲ್ಲ, ಪಾತ್ರ ಮಾಡುವುದು ಅವರ ಕಸುಬು. ಆದರೆ ಬರೆಯುವವರು ಇದರಿಂದ ಕಲಿಯಬೇಕು. ಮುಖವೊಂದನ್ನೇ ಅಣಕಿಸಿದರೆ ಆ ಮುಖವನ್ನು ನಾಳೆ ಯಾರು ಬೇಕಾದರೂ ಪೂಜೆಗೂ ಇಟ್ಟುಕೊಳ್ಳಬಹುದು. ಮಾಡಿದ ಕೆಲಸವನ್ನು ಹಿಡಿದು ಅಣಕಿಸಿದ್ದರೆ, ಅದನ್ನು ಪೂಜೆಗೆ ತಿರುಗಿಸುವುದು ಅಷ್ಟು ಸುಲಭವಲ್ಲ.

ಎರಡನೆಯದು, 2004ರ ಮಾರ್ಚ್ 24ರಂದು ವಾಷಿಂಗ್ಟನ್ನಿನಲ್ಲಿ ನಡೆದ ರೇಡಿಯೊ ಮತ್ತು ಟಿವಿ ವರದಿಗಾರರ ಔತಣ. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಹೇಳಿ ಬುಷ್ ಒಂದು ವರ್ಷದ ಹಿಂದೆ ಯುದ್ಧಕ್ಕೆ ಹೋಗಿದ್ದರು. ಅಸ್ತ್ರಗಳು ಸಿಕ್ಕಿರಲಿಲ್ಲ. ಔತಣದಲ್ಲಿ ಅವರು ಕೆಲವು ಚಿತ್ರಗಳನ್ನು ತೋರಿಸಿದರು. ಅಧ್ಯಕ್ಷರು ತಮ್ಮ ಕಚೇರಿಯ ಪೀಠೋಪಕರಣಗಳ ಕೆಳಗೆ ಬಗ್ಗಿ ನೋಡುತ್ತಿದ್ದಾರೆ, ಮೂಲೆಯಲ್ಲಿ ಹುಡುಕುತ್ತಿದ್ದಾರೆ. ಆ ಅಸ್ತ್ರಗಳು ಇಲ್ಲೇ ಎಲ್ಲೋ ಇರಬೇಕಲ್ಲ ಎಂಬುದು ಚಿತ್ರಕ್ಕೆ ಅವರು ಕೊಟ್ಟ ವಿವರಣೆ. ಸಭೆಯಲ್ಲಿ ಕೂತ ಪತ್ರಕರ್ತರಲ್ಲಿ ಬಹಳ ಜನ ನಕ್ಕರು. ಆ ಹೊತ್ತಿಗೆ ಇರಾಕಿನಲ್ಲಿ ಐನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಸತ್ತ ಇರಾಕಿಗಳ ಸಂಖ್ಯೆ ಸಾವಿರಗಟ್ಟಲೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು, ಯುದ್ಧದಿಂದ ಮರಳಿದ ಸೈನಿಕರು ಈ ತಮಾಷೆಯಿಂದ ನೊಂದು ಮಾತಾಡಿದರು.

ಆ ಚಿತ್ರಗಳಲ್ಲಿದ್ದವನು ಯಾರು? ವಸ್ತು ಎಲ್ಲಿಟ್ಟೆನೆಂದು ಮರೆತು ಮನೆಯೆಲ್ಲ ತಡಕಾಡುವ ಪಾಪದ ಗಂಡ. ಸಿಟ್‌ಕಾಮಿನ ಆ ವೇಷವನ್ನು ಅಧ್ಯಕ್ಷರು ತಾವೇ ಹಾಕಿಕೊಂಡಿದ್ದರು. ಯುದ್ಧವೊಂದಕ್ಕೆ ಕೊಟ್ಟ ಕಾರಣವೇ ಸುಳ್ಳಾದದ್ದು ಆ ವೇಷದೊಳಗೆ ಎಡವಟ್ಟಿನಷ್ಟು ಹಗುರವಾಗಿ ಕಂಡಿತು. ಎಂಟು ಕಂತಿನ ಧಾರಾವಾಹಿಯಿಂದಲೇ ಇದು ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಆಳುವವನ ಎಡವಟ್ಟನ್ನು ಮುದ್ದು ಮಾಡುವ ನಗೆಗೆ ಒಂದು ಸಮಾಜ ಒಗ್ಗಿಕೊಂಡರೆ, ಆಳುವವನು ಅದನ್ನು ಒಂದು ದಿನ ತನ್ನ ರಕ್ಷಣೆಗೆ ಬಳಸಿಯೇ ಬಳಸುತ್ತಾನೆ. ಎಡವುವವನನ್ನು ಜನ ಕ್ಷಮಿಸುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಹೇಗೆ ಬರೆಯಬೇಕು ಎಂದು ಕೇಳುತ್ತೀರಿ. ಅದಕ್ಕೂ ಅಮೆರಿಕದ್ದೇ ಉದಾಹರಣೆ ಕೊಡುತ್ತೇನೆ. 1971ರಲ್ಲಿ ಫಿಲಿಪ್ ರಾತ್ 'ಅವರ್ ಗ್ಯಾಂಗ್' ಎಂಬ ವಿಡಂಬನೆಯ ಪುಸ್ತಕ ಬರೆದರು. ಗುರಿ ಆಗಿನ ಅಧ್ಯಕ್ಷ ನಿಕ್ಸನ್. ಅದು ಹುಟ್ಟಿದ್ದು ನಿಕ್ಸನ್ನರ ಮೂಗಿನಿಂದಲ್ಲ, ಅವರು ಆಡಿದ ಮಾತು ಮತ್ತು ಮಾಡಿದ ಕೆಲಸದಿಂದ. ಆ ವರ್ಷದ ಏಪ್ರಿಲ್‌ನಲ್ಲಿ ನಿಕ್ಸನ್ ಗರ್ಭಪಾತವನ್ನು ವಿರೋಧಿಸುತ್ತ, ಇನ್ನೂ ಹುಟ್ಟದ ಜೀವವೂ ಪವಿತ್ರ ಎಂಬರ್ಥದ ಹೇಳಿಕೆ ಕೊಟ್ಟರು. ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 22 ನಾಗರಿಕರನ್ನು ಕೊಂದ ಅಪರಾಧಿ ವಿಲಿಯಂ ಕ್ಯಾಲಿಯನ್ನು ಸೆರೆಮನೆಯಿಂದ ಬಿಡಿಸಿ ಗೃಹಬಂಧನದಲ್ಲಿಡಲು ಅವರೇ ಆದೇಶ ಕೊಟ್ಟದ್ದೂ ಅದೇ ವಾರ. ರಾತ್ ಈ ಎರಡನ್ನೂ ಎದುರುಬದುರು ಕೂರಿಸಿದರು. ಸತ್ತ ಹೆಂಗಸರಲ್ಲಿ ಒಬ್ಬಳು ಬಸುರಿಯಾಗಿದ್ದರೆ ಹೇಗೆ ಎಂದು ಒಬ್ಬ ಸಾಮಾನ್ಯ ಪ್ರಜೆ ಅಧ್ಯಕ್ಷನನ್ನು ಅತ್ಯಂತ ವಿನಯದಿಂದ ಕೇಳುತ್ತಾನೆ. ಅಧ್ಯಕ್ಷ ಅಷ್ಟೇ ವಿನಯದಿಂದ ವಕೀಲಿ ಮಾಡುತ್ತ ಜಾರಿಕೊಳ್ಳುತ್ತಾನೆ. ಓದುವವನಿಗೆ ನಗು ಬರುತ್ತದೆ. ಆ ನಗುವಿನ ಜೊತೆಗೇ ಹೊಟ್ಟೆಯಲ್ಲಿ ಸಂಕಟವೂ ಏಳುತ್ತದೆ. ಈ ನಗೆಯನ್ನು ಯಾವ ಅಧ್ಯಕ್ಷನೂ ಔತಣಕ್ಕೆ ಕರೆದು ತನ್ನ ಪಕ್ಕ ಕೂರಿಸಿಕೊಳ್ಳಲಾರ.

ಬರೆದು ಮುಗಿಸಿದ ಮೇಲೆ ನಿಮ್ಮ ಬರಹವನ್ನು ಹೀಗೆ ಒರೆಗೆ ಹಚ್ಚಿ ನೋಡಿ. ನೀವು ಅಣಕಿಸಿದ ನಾಯಕರು ಈ ವಿಡಿಯೊವನ್ನು ನೋಡಿ ಖುಷಿಯಾಗಿ, ತಮ್ಮ ಬೆಂಬಲಿಗರಿಗೆಲ್ಲ ತಾವೇ ಕಳಿಸಬಹುದೇ? ಕಳಿಸಬಹುದು ಎನಿಸಿದರೆ ಅದನ್ನು ಮತ್ತೆ ಬರೆಯಿರಿ. ಎರಡನೆಯ ಪರೀಕ್ಷೆ, ನಾಯಕರ ಹೆಸರು ತೆಗೆದು ಅವರ ಎದುರಾಳಿಯ ಹೆಸರು ಹಾಕಿ ಓದಿ. ಒಂದು ಮಾತೂ ಬದಲಾಗದೆ ಅದು ಹಾಗೇ ಹೊಂದಿಕೊಂಡರೆ ನೀವಿನ್ನೂ ಯಾರ ಬಗ್ಗೆಯೂ ಏನೂ ಹೇಳಿಲ್ಲ. ಗೋರ್‌ಗೆ ಕಟ್ಟಿದ ಮನೆ ಬುಷ್‌ಗೂ ಸರಿಹೋದದ್ದು ನಿಮಗೆ ನೆನಪಿರಲಿ. ಮೂರನೆಯದಾಗಿ, ಆ ನಾಯಕರ ಆದೇಶದಿಂದ ನಷ್ಟವಾದ ಮನೆಯ ಜನರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಿಮ್ಮ ನಾಟಕ ಆಡಬಲ್ಲಿರಾ ಎಂದು ಕೇಳಿಕೊಳ್ಳಿ. ಅವರೂ ನಗುತ್ತಾರೆ, ನಕ್ಕು ತಲೆಯಾಡಿಸುತ್ತಾರೆ ಎಂದಾದರೆ ನಿಮ್ಮ ಹಾಸ್ಯ ಗಟ್ಟಿ.

ಮನೆಯ ಹಾಸ್ಯ ಬೇಡ ಎಂದು ನಾನು ಹೇಳುತ್ತಿಲ್ಲ. ಆಳುವವರ ಮನೆಯಲ್ಲಿ ನಿಜವಾದ ವಿಡಂಬನೆಗೆ ಜಾಗ ಬಹಳವಿದೆ. ಅಡುಗೆಮನೆಯಲ್ಲಿ ಬೆಲೆಯೇರಿಕೆಯ ಮಾತು ಬರಲಿ. ಮೊಮ್ಮಗುವಿನ ಶಾಲೆಯ ಪ್ರಶ್ನೆ ಬರಲಿ, ಆ ಮಗು ಸರ್ಕಾರಿ ಶಾಲೆಗೆ ಯಾಕೆ ಹೋಗುವುದಿಲ್ಲ ಎಂದು ಕೆಲಸದಾಕೆ ಕೇಳಲಿ. ಮನೆಯಲ್ಲಿ ಯಾರಿಗೋ ಕಾಯಿಲೆಯಾಗಲಿ, ಯಾವ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಚರ್ಚೆಯಾಗಲಿ. ಆಗ ಕಚೇರಿಯ ಸಹಿ ತಾನಾಗಿಯೇ ಊಟದ ಮೇಜಿಗೆ ಬರುತ್ತದೆ. ಗಂಡ ಎಡವಬೇಕಾದರೆ ತಾನೇ ಹಾಕಿದ ಸಹಿಗೆ ಎಡವಲಿ.

ನಿಮ್ಮ ಕಾರ್ಯಕ್ರಮ ಹೆಚ್ಚು ದಿನ ನಡೆಯಲಿಲ್ಲವೆಂದು ಎದೆಗುಂದಬೇಡಿ. ಎಂಟೇ ಕಂತು ಬದುಕಿದ್ದು ಆ ಧಾರಾವಾಹಿಯ ದೋಷವಲ್ಲ. ಒಂದೇ ಒಂದು ರಾತ್ರಿ ಆಡಿದ ನಾಟಕವೂ ಊರಿನ ಮಾತನ್ನು ಬದಲಿಸಬಲ್ಲದು. ಹಣ ಸಾಲದೆ ನಿಂತರೆ ಕಡಿಮೆ ಹಣದಲ್ಲಿ ಇನ್ನೊಂದನ್ನು ಕಟ್ಟಿ. ಎರಡು ಕುರ್ಚಿ, ಒಂದು ಮೇಜು, ಒಂದು ಸರ್ಕಾರಿ ಆದೇಶದ ಪ್ರತಿ ಇದ್ದರೆ ನಾಟಕಕ್ಕೆ ಸಾಕು. ಯಾರಾದರೂ ಗದರಿಸಿದರೆ, ನೀವು ಹೇಳಿದ್ದು ದಾಖಲೆಯಲ್ಲಿರುವ ಸಂಗತಿ ಎಂಬುದೇ ನಿಮ್ಮ ಬಲ. ಮೂಗಿನ ಬಗ್ಗೆ ಗೇಲಿ ಮಾಡಿದವನಿಗೆ ಆ ಬಲವಿರುವುದಿಲ್ಲ. ದೇಶ ದುಃಖದಲ್ಲಿರುವ ದಿನಗಳಲ್ಲಿ ನಗಿಸಲು ಮನಸ್ಸು ಬಾರದಿದ್ದರೆ ಸ್ವಲ್ಪ ಕಾಯಿರಿ, ತಪ್ಪೇನಿಲ್ಲ. ಆದರೆ ಆ ದಿನಗಳಲ್ಲಿ ಯಾರು ಯಾವ ಕಾಗದಕ್ಕೆ ಸಹಿ ಹಾಕಿದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಮಾತಾಡುವ ಹೊತ್ತು ಬಂದೇ ಬರುತ್ತದೆ, ಆಗ ಆ ಟಿಪ್ಪಣಿಯೇ ನಿಮ್ಮ ನಾಟಕ.

ನಗಿಸುವ ಶಕ್ತಿ ನಿಮಗೆ ಹುಟ್ಟಿನಿಂದ ಬಂದಿದೆ. ಅದನ್ನು ಯಾರ ಪರವಾಗಿ ಬಳಸುತ್ತೀರಿ ಎಂಬುದು ಮಾತ್ರ ನೀವೇ ತೀರ್ಮಾನಿಸಬೇಕಾದ ವಿಷಯ. ಸಹಿ ಹಾಕಿದವರ ಎದುರು, ಆ ಸಹಿಯ ಕಹಿಫಲ ಉಂಡವರ ಪರವಾಗಿ ನಿಂತು ನಗಿಸಿ. ಈ ವಾರದಿಂದಲೇ ಶುರು ಮಾಡಿ. ನಿಮ್ಮ ಮುಂದಿನ ನಾಟಕಕ್ಕೆ ಪೆನ್ನು ಹಿಡಿಯುವ ಮುಂಚೆ ಒಂದು ಸರ್ಕಾರಿ ಆದೇಶವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ.